ದೂರದ ಸಾಧನಗಳು ಮತ್ತು ಅವುಗಳ ಪ್ರೊಫೈಲ್

ಶ್ರೋತೃಗಳೇ, ನಮಸ್ಕಾರ.

1976ರ ಜುಲೈ 20ರಂದು ಮಂಗಳ ಗ್ರಹದ ನೆಲದ ಮೇಲೆ ಇಳಿದ ವೈಕಿಂಗ್-1 ಎಂಬ ನೌಕೆ, ನಿರೀಕ್ಷೆಯನ್ನು ಮೀರಿ ಆರು ವರ್ಷಗಳಿಗೂ ಹೆಚ್ಚು ಕಾಲ ಭೂಮಿಗೆ ವರದಿಗಳನ್ನು ಕಳುಹಿಸುತ್ತಲೇ ಇತ್ತು. 1982ರ ನವೆಂಬರಿನಲ್ಲಿ, ಅದರ ಶಕ್ತಿಗುಂದುತ್ತಿದ್ದ ಬ್ಯಾಟರಿಗಳು ಇನ್ನಷ್ಟು ಕಾಲ ಬಾಳಲಿ ಎಂಬ ಉದ್ದೇಶದಿಂದ ಭೂಮಿಯಿಂದ ಹೊಸ ಆದೇಶಗಳನ್ನು ಕಳುಹಿಸಲಾಯಿತು. ಆ ಆದೇಶಗಳು ನೌಕೆಯನ್ನು ತಲುಪಿದವು. ಆದರೆ ಅದರ ಆಂಟೆನಾವನ್ನು ಭೂಮಿಯತ್ತ ತಿರುಗಿಸುವ ತಂತ್ರಾಂಶ ಬಳಸುತ್ತಿದ್ದ ಮಾಹಿತಿಯ ಮೇಲೆಯೇ ಬರೆದುಕೊಂಡವು. ನೌಕೆ ಮೌನವಾಯಿತು. ಮುಂದಿನ ತಿಂಗಳುಗಳಲ್ಲಿ ಅದನ್ನು ಮಾತನಾಡಿಸಲು ಮಾಡಿದ ಪ್ರಯತ್ನಗಳು ಯಾವುವೂ ಫಲಿಸಲಿಲ್ಲ. ಕೂತ ಕೊಂಬೆಯನ್ನೇ ಕಡಿದಂತೆ ಎಂಬ ಗಾದೆಯ ಮಾತಿಗೆ ಇದಕ್ಕಿಂತ ದೂರದ ಉದಾಹರಣೆ ಸಿಗಲಾರದು.

ನಾನು ಇಂದು ಮಾತನಾಡಲಿರುವುದು ಬಾಹ್ಯಾಕಾಶದ ಬಗ್ಗೆ ಅಲ್ಲ. ಗೋಡೆಯ ಮೇಲಿನ ವಿದ್ಯುತ್ ಮೀಟರು, ಚಾವಣಿಯ ಮೂಲೆಯ ಕ್ಯಾಮೆರಾ, ಮನೆಯ ರೌಟರು, ತೊಟ್ಟಿಯ ನೀರಿನ ಮಟ್ಟವನ್ನು ಅಳೆಯುವ ಸಂವೇದಕ, ನಿಲ್ದಾಣದಲ್ಲಿ ವೇಳಾಪಟ್ಟಿ ತೋರಿಸುವ ಫಲಕ, ಇಂಥ ಸಾವಿರಾರು ಸಾಧನಗಳನ್ನು ದೂರದಿಂದಲೇ ನೋಡಿಕೊಳ್ಳುವ ಕೆಲಸದ ಬಗ್ಗೆ. ಈ ಸಾಧನಗಳು ಮಂಗಳ ಗ್ರಹದಲ್ಲಿಲ್ಲ, ನಿಜ. ಆದರೆ ಸಂಪರ್ಕ ಕಡಿದುಹೋದ ಕ್ಷಣದಿಂದ ಅವು ನಮ್ಮ ಕೈಗೆ ಎಟುಕುವುದಿಲ್ಲ ಎಂಬ ವಿಷಯದಲ್ಲಿ ವೈಕಿಂಗಿಗೂ ಅವುಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಹತ್ತು ಸಾಧನಗಳಿದ್ದಾಗ ಒಬ್ಬ ತಂತ್ರಜ್ಞ ಒಂದೊಂದಕ್ಕೂ ಲಾಗಿನ್ ಆಗಿ ಬೇಕಾದ ಬದಲಾವಣೆಗಳನ್ನು ಮಾಡಬಹುದು. ಸಾವಿರ ಸಾಧನಗಳಾದಾಗ ಅದು ಸಾಧ್ಯವಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಸಮಯದ ಅಭಾವಕ್ಕಿಂತಲೂ ದೊಡ್ಡ ತೊಂದರೆ ಇನ್ನೊಂದಿದೆ: ಕೈಯಿಂದ ಮಾಡಿದ ಬದಲಾವಣೆಗಳು ಎಲ್ಲಿಯೂ ದಾಖಲಾಗದೆ ಉಳಿಯುತ್ತವೆ. ಒಂದು ಮಧ್ಯರಾತ್ರಿ ಯಾವುದೋ ತುರ್ತಿಗೆಂದು ಒಂದು ಸಾಧನದ ಸೆಟ್ಟಿಂಗನ್ನು ಯಾರೋ ತಿದ್ದಿರುತ್ತಾರೆ, ತಿದ್ದಿದವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಎರಡು ವರ್ಷಗಳ ನಂತರ ಅದೊಂದೇ ಸಾಧನ ಯಾಕೆ ಬೇರೆ ರೀತಿ ವರ್ತಿಸುತ್ತಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಪ್ರೊಫೈಲ್ ಎಂಬುದು ಹುಟ್ಟಿದ್ದು ಈ ಗೊಂದಲಕ್ಕೆ ಉತ್ತರವಾಗಿ. ಒಂದು ಬಗೆಯ ಸಾಧನ ಹೇಗಿರಬೇಕು ಎಂಬುದನ್ನು ಒಂದೇ ಕಡೆ ಬರೆದಿಟ್ಟ ದಾಖಲೆಯೇ ಪ್ರೊಫೈಲ್. ಸಾಧನದಲ್ಲಿ ಯಾವ ಆವೃತ್ತಿಯ ಫರ್ಮ್‌ವೇರ್, ಅಂದರೆ ಸಾಧನದೊಳಗೇ ಇದ್ದು ಅದನ್ನು ನಡೆಸುವ ತಂತ್ರಾಂಶ, ಇರಬೇಕು, ಅದು ಯಾವ ಸರ್ವರಿಗೆ ವರದಿ ಕಳುಹಿಸಬೇಕು, ಎಷ್ಟು ನಿಮಿಷಕ್ಕೊಮ್ಮೆ ಕಳುಹಿಸಬೇಕು, ಸಮಯವನ್ನು ಎಲ್ಲಿಂದ ತಿಳಿದುಕೊಳ್ಳಬೇಕು, ಯಾರ ಆದೇಶವನ್ನು ಮಾತ್ರ ಒಪ್ಪಬೇಕು ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಸಾಧನಗಳನ್ನು ಗುಂಪುಗಳಾಗಿ ಮಾಡಿ ಒಂದೊಂದು ಗುಂಪಿಗೆ ಒಂದೊಂದು ಪ್ರೊಫೈಲನ್ನು ಅಂಟಿಸಿದರೆ, ಮುಂದೆ ಬದಲಾವಣೆ ಬೇಕಾದಾಗ ನಾವು ತಿದ್ದುವುದು ಸಾಧನಗಳನ್ನಲ್ಲ, ಆ ದಾಖಲೆಯನ್ನು.

ಎಲ್ಲ ಸಾಧನಗಳಿಗೂ ಸಮಾನವಾಗಿರುವುದು ಮಾತ್ರ ಪ್ರೊಫೈಲಿನಲ್ಲಿರಬೇಕು. ಸರಣಿ ಸಂಖ್ಯೆ, ಗುಪ್ತ ಕೀಲಿ, ಸ್ಥಳದ ಹೆಸರು ಮುಂತಾದವು ಆಯಾ ಸಾಧನಕ್ಕೇ ಸೇರಿದವು. ಈ ಗೆರೆಯನ್ನು ತಪ್ಪಾಗಿ ಎಳೆದರೆ ಏನಾಗುತ್ತದೆ ಎಂಬುದನ್ನು 2016ರಲ್ಲಿ ಜಗತ್ತು ಕಂಡಿತು. ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ, ತಯಾರಕರು ಕಾರ್ಖಾನೆಯಲ್ಲಿಯೇ ಇಟ್ಟು ಕಳುಹಿಸಿದ್ದ 60ರಷ್ಟು ಬಳಕೆದಾರ ಹೆಸರು ಮತ್ತು ಪಾಸ್‌ವರ್ಡುಗಳ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಕ್ಯಾಮೆರಾಗಳನ್ನೂ ರೌಟರುಗಳನ್ನೂ ಲಕ್ಷಗಟ್ಟಲೆ ವಶಮಾಡಿಕೊಂಡಿತು. ಆ ಸಾಧನಗಳ ಸೈನ್ಯವೇ ಅಕ್ಟೋಬರ್ 21ರಂದು ಜಾಲತಾಣಗಳ ಹೆಸರಿನಿಂದ ಅವುಗಳ ವಿಳಾಸವನ್ನು ಹುಡುಕಿಕೊಡುವ ಡೈನ್ ಎಂಬ ಸಂಸ್ಥೆಯ ಸರ್ವರುಗಳ ಮೇಲೆ ಮುಗಿಬಿದ್ದು, ಹಲವು ಪ್ರಸಿದ್ಧ ತಾಣಗಳು ಗಂಟೆಗಟ್ಟಲೆ ತೆರೆಯದಂತೆ ಮಾಡಿತು. ಪಾಸ್‌ವರ್ಡನ್ನು ಇಡೀ ಗುಂಪಿಗೆ ಸಮಾನವಾಗಿಸಿದ್ದೇ ಅದರ ಮೂಲ. 2020ರಲ್ಲಿ ಪ್ರಕಟವಾದ ಯುರೋಪಿನ ಸುರಕ್ಷತಾ ಮಾನದಂಡ, ಎಲ್ಲ ಸಾಧನಗಳಿಗೂ ಒಂದೇ ಪಾಸ್‌ವರ್ಡ್ ಇರಕೂಡದು ಎಂಬುದನ್ನೇ ತನ್ನ ಮೊದಲ ನಿಯಮವಾಗಿ ಇರಿಸಿದೆ.

ಪ್ರೊಫೈಲ್ ಆದೇಶವಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 'ಈಗಲೇ ಇದನ್ನು ಮಾಡು' ಎಂಬುದು ಆದೇಶ. 'ನೀನು ಹೀಗಿರಬೇಕು' ಎಂಬುದು ಪ್ರೊಫೈಲ್. ಆದೇಶ ಹೊರಟ ಹೊತ್ತಿಗೆ ಸಾಧನ ನಿದ್ರೆಯಲ್ಲಿದ್ದರೆ ಅದು ವ್ಯರ್ಥವಾಗುತ್ತದೆ, ಮತ್ತು ಬ್ಯಾಟರಿಯಿಂದ ನಡೆಯುವ ಸಾಧನಗಳು ದಿನದ ಬಹುಪಾಲು ನಿದ್ರೆಯಲ್ಲಿಯೇ ಇರುತ್ತವೆ. ಕಡಿಮೆ ವಿದ್ಯುತ್ತಿನಲ್ಲಿ ದೂರದವರೆಗೆ ಸಂಪರ್ಕ ಒದಗಿಸುವ ಲೋರಾವಾನ್ ಎಂಬ ರೇಡಿಯೋ ಜಾಲದಲ್ಲಿ 'ಎ' ವರ್ಗದ ಸಾಧನವೊಂದು ತಾನಾಗಿ ಮಾತನಾಡಿದ ಬಳಿಕ, ಸಾಮಾನ್ಯವಾಗಿ ಒಂದು ಸೆಕೆಂಡಿನ ನಂತರ ಒಮ್ಮೆ, ಎರಡು ಸೆಕೆಂಡಿನ ನಂತರ ಇನ್ನೊಮ್ಮೆ, ಕ್ಷಣಮಾತ್ರ ಕಿವಿ ತೆರೆಯುತ್ತದೆ. ಆಮೇಲೆ ಮುಂದಿನ ವರದಿಯವರೆಗೆ ಅದಕ್ಕೆ ಏನೂ ಕೇಳಿಸುವುದಿಲ್ಲ. ಹಾಗಾಗಿ ಸರ್ವರು ಪ್ರತಿಯೊಂದು ಸಾಧನಕ್ಕೂ ಎರಡು ದಾಖಲೆಗಳನ್ನು ಇಟ್ಟುಕೊಳ್ಳುತ್ತದೆ: ಅದು ಹೇಗಿರಬೇಕು ಎಂಬುದು ಒಂದು, ತಾನು ಹೇಗಿದ್ದೇನೆ ಎಂದು ಅದೇ ಹೇಳಿಕೊಂಡದ್ದು ಇನ್ನೊಂದು. ಸಾಧನ ಎಚ್ಚರಗೊಂಡಾಗ ಎರಡನ್ನೂ ಹೋಲಿಸಿ, ವ್ಯತ್ಯಾಸವಿದ್ದಷ್ಟನ್ನು ಮಾತ್ರ ಸರಿಪಡಿಸಲಾಗುತ್ತದೆ. ಬೆಳಿಗ್ಗೆ ಕಚೇರಿಗೆ ಬಂದೊಡನೆ ನಾನು ಮೊದಲು ನೋಡುವುದು ಈ ಎರಡು ದಾಖಲೆಗಳು ತಾಳೆಯಾಗದ ಸಾಧನಗಳ ಪಟ್ಟಿಯನ್ನು.

ಇನ್ನು ಗುಂಪು ಮಾಡುವ ವಿಚಾರ. ಇದರಲ್ಲಿ ನಾನೇ ಪಾಲುಗೊಂಡ ಒಂದು ತಪ್ಪನ್ನು ಹೇಳಬೇಕು. ನೀರಿನ ಮಟ್ಟ ಅಳೆಯುವ ಸಾಧನಗಳ ಜಾಲವೊಂದನ್ನು ನಾವು ನೋಡಿಕೊಳ್ಳುತ್ತಿದ್ದೆವು. ಸಾಧನಗಳೆಲ್ಲವೂ ಒಂದೇ ಮಾದರಿಯವು ಎಂದು ನಂಬಿ, ಮಾದರಿಯ ಹೆಸರನ್ನಷ್ಟೇ ಆಧಾರವಾಗಿಟ್ಟುಕೊಂಡು ಒಂದೇ ಗುಂಪು ಮಾಡಿ, ಪ್ರೊಫೈಲಿನಲ್ಲಿ ಫರ್ಮ್‌ವೇರಿನ ಹೊಸ ಆವೃತ್ತಿಯನ್ನು ನಮೂದಿಸಿದೆವು. ಒಂದು ಗಂಟೆಯೊಳಗೆ 40ಕ್ಕೂ ಹೆಚ್ಚು ಸಾಧನಗಳು ವರದಿ ಕಳುಹಿಸುವುದನ್ನು ನಿಲ್ಲಿಸಿದವು. ಉಳಿದವು ಚೆನ್ನಾಗಿಯೇ ಇದ್ದವು.

ಮರುದಿನ ಮೊದಲ ಸಾಧನದ ಮುಂದೆ ನಿಂತು ಅದರ ಮುಚ್ಚಳದ ನಾಲ್ಕು ಸ್ಕ್ರೂಗಳನ್ನು ಬಿಚ್ಚಿದೆ. ಒಳಗೆ ಜೇಡರಬಲೆ ಕಟ್ಟಿತ್ತು, ಹಸಿರು ದೀಪ ಏನೂ ಆಗಿಲ್ಲವೆಂಬಂತೆ ಮಿನುಗುತ್ತಿತ್ತು. ಲ್ಯಾಪ್‌ಟಾಪಿನ ಕೇಬಲನ್ನು ಜೋಡಿಸಿದ ಕೂಡಲೇ ಪರದೆಯ ಮೇಲೆ ಸಾಲುಗಳು ಉರುಳತೊಡಗಿದವು: ಸಂವೇದಕ ಸರಿಯಿದೆ, ಗಡಿಯಾರ ಸರಿಯಿದೆ, ಮೋಡೆಮ್ ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಲಾಗುತ್ತಿದೆ. ಸಾಧನಕ್ಕೆ ಜೀವವಿತ್ತು, ಜಾಲದೊಡನೆ ಸಂಪರ್ಕ ಕಲ್ಪಿಸುವ ಮೋಡೆಮ್ ಸಿಗದೆ ಮಾತು ಮಾತ್ರ ನಿಂತಿತ್ತು. ಹಿಂಬದಿಯ ಚೀಟಿಯನ್ನು ಒರೆಸಿ ನೋಡಿದಾಗ ಕಾರಣ ತಿಳಿಯಿತು. ಮಾದರಿಯ ಹೆಸರು ಅದೇ, ಆದರೆ ಕೊನೆಯ ಅಕ್ಷರ ಬೇರೆ. ತಯಾರಕರು ನಡುವೆ ಎಂದೋ ಮೋಡೆಮಿನ ಚಿಪ್ಪನ್ನು ಬದಲಿಸಿದ್ದರು. ಹೊಸ ಫರ್ಮ್‌ವೇರಿಗೆ ಹಳೆಯ ಮೋಡೆಮಿನ ಪರಿಚಯವೇ ಇರಲಿಲ್ಲ. ಆ ಒಂದು ಅಕ್ಷರವನ್ನು ನಾವು ನಮ್ಮ ದಾಖಲೆಗಳಲ್ಲಿ ಬರೆದುಕೊಂಡೇ ಇರಲಿಲ್ಲ.

ಅಂದಿನಿಂದ ಗುಂಪು ಮಾಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಬದಲಾಗಿದೆ. ಯಾವ ಸಾಧನಗಳು ಒಂದೇ ರೀತಿ ಕಾಣುತ್ತವೆ, ಯಾವುವು ಒಂದೇ ಜಾಗದಲ್ಲಿವೆ ಎಂದು ಕೇಳುವುದಿಲ್ಲ. ಯಾವುವು ಒಂದೇ ಕಾರಣಕ್ಕೆ ಒಟ್ಟಿಗೆ ಕೆಡಬಲ್ಲವು ಎಂದು ಕೇಳುತ್ತೇನೆ. ಯಂತ್ರಾಂಶದ ಆವೃತ್ತಿ, ಮೋಡೆಮ್, ಸಂಪರ್ಕದ ಬಗೆ, ವಿದ್ಯುತ್ತಿನ ಮೂಲ, ಈ ನಾಲ್ಕನ್ನೂ ಸಾಧನವೇ ತನ್ನ ವರದಿಯಲ್ಲಿ ಹೇಳುವಂತೆ ಮಾಡಿ, ಆ ಹೇಳಿಕೆಯ ಆಧಾರದ ಮೇಲೆಯೇ ಅದು ತನ್ನ ಗುಂಪಿಗೆ ಸೇರುವಂತೆ ಮಾಡುವುದು ಒಳ್ಳೆಯದು. ಮನುಷ್ಯರು ತುಂಬಿಸಿದ ಪಟ್ಟಿಗಿಂತ ಸಾಧನದ ಮಾತು ಹೆಚ್ಚು ನಂಬಿಕೆಗೆ ಅರ್ಹ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂಬ ಮಾತು ನಮ್ಮಲ್ಲಿದೆ. ಒಂದೇ ಪಾತ್ರೆಯ, ಒಂದೇ ಬೆಂಕಿಯ ಅಗುಳುಗಳಿಗೆ ಆ ಮಾತು ಸಲ್ಲುತ್ತದೆ. ಸಾಧನಗಳ ವಿಷಯದಲ್ಲಿ ಪ್ರತಿಯೊಂದು ಬಗೆಯಿಂದಲೂ ಒಂದಷ್ಟನ್ನು ಆರಿಸಿ ಮೊದಲು ನವೀಕರಿಸಬೇಕು, ಒಂದು ದಿನವಾದರೂ ಕಾಯಬೇಕು, ಆಮೇಲೆ ನೂರಕ್ಕೆ ಹತ್ತು, ಆಮೇಲೆ ಉಳಿದವು ಎಂದು ಮುಂದುವರಿಯಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ಸಂಸ್ಥೆ ವಿಂಡೋಸ್ ಗಣಕಗಳಿಗೆ ಕಳುಹಿಸಿದ ಒಂದು ಕಡತ ಇಂಥ ಹಂತಗಳಿಲ್ಲದೆ ಎಲ್ಲೆಡೆಗೂ ಹೋಯಿತು. ತಂತ್ರಾಂಶ 20 ಅಂಶಗಳನ್ನು ಒದಗಿಸುತ್ತಿತ್ತು, ಹೊಸ ಮಾಹಿತಿ 21ನೆಯದನ್ನು ಹುಡುಕಿತು. ಅಷ್ಟರಿಂದಲೇ ಗಣಕಗಳು ಕುಸಿದವು. ಸಂಸ್ಥೆ 78 ನಿಮಿಷಗಳಲ್ಲಿ ಆ ಕಡತವನ್ನು ಹಿಂದಕ್ಕೆ ಪಡೆಯಿತಾದರೂ, ಮೈಕ್ರೋಸಾಫ್ಟಿನ ಅಂದಾಜಿನಂತೆ ಅಷ್ಟರೊಳಗೆ 85 ಲಕ್ಷ ಗಣಕಗಳು ತೊಂದರೆಗೆ ಸಿಲುಕಿದ್ದವು. ವಿಮಾನಗಳು ರದ್ದಾದವು, ಆಸ್ಪತ್ರೆಗಳ ಕೆಲಸ ನಿಂತಿತು. ಪೂರ್ತಿ ಚಾಲೂ ಆಗದ ಗಣಕ ಸರಿಪಡಿಸಿದ ಕಡತವನ್ನು ಪಡೆಯಲಾರದು. ಹಾಗಾಗಿ ಬಹಳಷ್ಟು ಗಣಕಗಳ ಮುಂದೆ ಮನುಷ್ಯರೇ ಹೋಗಿ ಕೂರಬೇಕಾಯಿತು. ಫರ್ಮ್‌ವೇರನ್ನು ಹಂತಹಂತವಾಗಿ ಕಳುಹಿಸುವವರು ಕೂಡ ಸೆಟ್ಟಿಂಗುಗಳನ್ನು 'ಇದು ಬರಿಯ ಮಾಹಿತಿ ತಾನೆ' ಎಂದು ಒಮ್ಮೆಗೇ ಕಳುಹಿಸಿಬಿಡುತ್ತಾರೆ. ಪ್ರೊಫೈಲಿನಲ್ಲಿ ತಿದ್ದಿದ ಒಂದು ಸಂಖ್ಯೆಗೂ ಫರ್ಮ್‌ವೇರಿನಷ್ಟೇ ಬಲವಿದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಹಂತಗಳ ಜೊತೆಗೆ ಹಿಂದಿರುಗುವ ದಾರಿಯೂ ಬೇಕು. ದೊಡ್ಡ ಜಾಲಗಳ ರೌಟರುಗಳನ್ನು ನೋಡಿಕೊಳ್ಳುವವರಲ್ಲಿ ಒಂದು ಹಳೆಯ, ಸರಳ ಉಪಾಯವಿದೆ. ಬದಲಾವಣೆಯನ್ನು ಜಾರಿಗೆ ತರುವಾಗ 'ಹತ್ತು ನಿಮಿಷಗಳೊಳಗೆ ನಾನು ಮತ್ತೆ ಬಂದು ಸರಿಯಿದೆ ಎಂದು ಹೇಳದಿದ್ದರೆ, ನೀನು ಹಳೆಯ ಸ್ಥಿತಿಗೆ ಮರಳು' ಎಂದು ಸಾಧನಕ್ಕೆ ತಿಳಿಸಿರುತ್ತಾರೆ. ಬದಲಾವಣೆಯಿಂದಾಗಿ ತಮ್ಮ ದಾರಿಯೇ ಮುಚ್ಚಿಹೋದರೂ, ಹತ್ತು ನಿಮಿಷ ಕಾದರೆ ಅದು ತಾನಾಗಿ ತೆರೆದುಕೊಳ್ಳುತ್ತದೆ. ಫರ್ಮ್‌ವೇರಿನ ವಿಷಯದಲ್ಲಿಯೂ ಇದೇ ತತ್ವವಿದೆ: ಸಾಧನದಲ್ಲಿ ಎರಡು ಜಾಗಗಳಿದ್ದು, ಹಳೆಯದು ಒಂದರಲ್ಲಿ ನಡೆಯುತ್ತಿರುವಾಗ ಹೊಸದನ್ನು ಇನ್ನೊಂದರಲ್ಲಿ ಬರೆದು, ಅದಕ್ಕೆ ತಯಾರಕರ ಡಿಜಿಟಲ್ ಸಹಿ ಇದೆಯೇ ಎಂದು ಪರಿಶೀಲಿಸಿ, ಮರುಚಾಲನೆಯ ನಂತರ ಸರ್ವರಿನ ಜೊತೆ ಸಂಪರ್ಕ ಸಾಧ್ಯವಾದರೆ ಮಾತ್ರ ಹೊಸದನ್ನು ಖಾಯಂ ಮಾಡಿಕೊಳ್ಳುವುದು, ಇಲ್ಲವಾದರೆ ಹಳೆಯದಕ್ಕೇ ಮರಳುವುದು. 2016ರಲ್ಲಿ ಬಂದ ಆಂಡ್ರಾಯ್ಡ್‌ನ ಏಳನೆಯ ಆವೃತ್ತಿಯಿಂದ ಫೋನುಗಳಿಗೂ ಈ ಎರಡು ಜಾಗಗಳ ವಿಧಾನ ಬಂದಿದೆ. ನಮ್ಮ ನೀರಿನ ಮಾಪಕಗಳು ಸರಿಯಾಗಿ ಚಾಲನೆಗೊಂಡಿದ್ದವು. ಹೊಸದನ್ನು ಖಾಯಂ ಮಾಡಿಕೊಳ್ಳಲು ಚಾಲನೆಗೊಂಡರೆ ಸಾಕು ಎಂದು ನಾವು ಬರೆದಿದ್ದೆವು, ಮಾತನಾಡಬೇಕು ಎಂದು ಬರೆದಿರಲಿಲ್ಲ.

ಈ ವಿಚಾರದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ, ಭೂಮಿಯಿಂದ ಅತಿ ದೂರ ಸಾಗಿರುವ ವಾಯೇಜರ್-1 ಎಂಬ ಬಾಹ್ಯಾಕಾಶ ನೌಕೆಯದು. 2023ರ ನವೆಂಬರಿನಲ್ಲಿ ಅದರ ನೆನಪಿನ ಕೋಶದ ಒಂದು ಚಿಪ್ಪು ಕೆಟ್ಟು, ಅದು ಅರ್ಥವಿಲ್ಲದ ಸಂಕೇತಗಳನ್ನು ಕಳುಹಿಸತೊಡಗಿತು. ಕೆಟ್ಟ ಜಾಗದಲ್ಲಿದ್ದ ತಂತ್ರಾಂಶವನ್ನು ತುಂಡು ಮಾಡಿ ಬೇರೆ ಬೇರೆ ಜಾಗಗಳಿಗೆ ಸ್ಥಳಾಂತರಿಸಬೇಕಾಗಿತ್ತು. 2024ರ ಏಪ್ರಿಲ್ 18ರಂದು ಎಂಜಿನಿಯರುಗಳು ಮೊದಲು ಸ್ಥಳಾಂತರಿಸಿದ್ದು ವೈಜ್ಞಾನಿಕ ಮಾಹಿತಿಯ ಭಾಗವನ್ನಲ್ಲ, ನೌಕೆ ತನ್ನ ಆರೋಗ್ಯವನ್ನು ತಾನೇ ವರದಿ ಮಾಡುವ ಭಾಗವನ್ನು. ಸಂಕೇತ ಅಲ್ಲಿಗೆ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ ಹೊತ್ತು. ಏಪ್ರಿಲ್ 20ರಂದು ಉತ್ತರ ಬಂತು. ಉಳಿದ ಭಾಗಗಳ ಕೆಲಸ ನಡೆದದ್ದು ಅದರ ನಂತರ.

ಇನ್ನೊಂದು ಚಿಕ್ಕ ವಿಷಯ. ಪ್ರೊಫೈಲಿನಲ್ಲಿ ಹೊಸ ಆವೃತ್ತಿಯನ್ನು ಬರೆದ ಕ್ಷಣದಲ್ಲಿ ಸಾವಿರಾರು ಸಾಧನಗಳು ಒಂದೇ ಸಲ ಸರ್ವರಿನ ಬಾಗಿಲು ತಟ್ಟಿದರೆ ಸರ್ವರೇ ನೆಲಕಚ್ಚುತ್ತದೆ. ಪ್ರತಿಯೊಂದು ಸಾಧನವೂ ತನಗೆ ತೋಚಿದ ಯಾದೃಚ್ಛಿಕ ಅವಧಿಯಷ್ಟು ಕಾಯುವಂತೆ ಪ್ರೊಫೈಲಿನಲ್ಲಿಯೇ ಬರೆದರೆ ಆ ತೊಂದರೆ ತಪ್ಪುತ್ತದೆ.

ಆ ನೀರಿನ ಮಾಪಕಗಳ ವಿಷಯಕ್ಕೆ ಮರಳುವುದಾದರೆ, ಮೂರು ವಾರಗಳಲ್ಲಿ ನಾವು ಮೌನವಾದ ಎಲ್ಲ ಸಾಧನಗಳ ಬಳಿಗೂ ಹೋಗಿಬಂದೆವು. ಒಂದು ಜಾಗದಲ್ಲಿ ಸಾಧನವೇ ಇರಲಿಲ್ಲ. ಗೋಡೆಯ ಮೇಲೆ ನಾಲ್ಕು ತೂತುಗಳೂ, ಸುಣ್ಣ ಬಳಿಯದೆ ಉಳಿದಿದ್ದ ಒಂದು ಚೌಕವೂ ಕಾಣುತ್ತಿದ್ದವು. ವಿಚಾರಿಸಿದಾಗ, ದುರಸ್ತಿಯ ಸಮಯದಲ್ಲಿ ಅದನ್ನು ಕಿತ್ತು ಬಹಳ ದಿನಗಳಾಗಿವೆ ಎಂದು ತಿಳಿಯಿತು. ಕಿತ್ತವರು ಅದನ್ನು ಎಲ್ಲಿ ಹಾಕಿದರೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಅದು ನವೀಕರಣದ ದಾರಿ ಕಾಯುತ್ತಿರುವ ಸಾಧನವಾಗಿ ಇನ್ನೂ ಇತ್ತು, ಅದರ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರವನ್ನು ಸರ್ವರು ಇನ್ನೂ ಒಪ್ಪುತ್ತಿತ್ತು. ಆ ಸಂಜೆಯೇ 'ನಿವೃತ್ತ' ಎಂಬ ಹೊಸ ಗುಂಪೊಂದನ್ನು ಮಾಡಿ, ಯಾವ ಸರ್ವರಿಗೂ ಪ್ರವೇಶವಿಲ್ಲದ ಪ್ರೊಫೈಲನ್ನು ಅದಕ್ಕೆ ಕೊಟ್ಟು, ಆ ಪ್ರಮಾಣಪತ್ರವನ್ನು ರದ್ದು ಮಾಡಿದೆವು.

ನಮಸ್ಕಾರ.