ಪೀಕ್ ಹೊತ್ತಿನ ಜನರೇಟರ್: ಯಾರಿಗೆ ಲಾಭ, ಎಷ್ಟು ಹೊತ್ತು?

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಹೂಟಗಳ್ಳಿ, ಮೇಟಗಳ್ಳಿ, ಹೆಬ್ಬಾಳದ ಕಡೆ ಯಾವುದಾದರೂ ಕಾರ್ಖಾನೆಯ ಹಿಂಭಾಗಕ್ಕೆ ಹೋಗಿ ನೋಡಿ. ತಗಡಿನ ಗೂಡಿನೊಳಗೆ ಒಂದು ಡೀಸೆಲ್ ಜನರೇಟರ್ ಕೂತಿರುತ್ತದೆ. ಕಲ್ಯಾಣ ಮಂಟಪ, ನರ್ಸಿಂಗ್ ಹೋಂಗಳಲ್ಲೂ ಅಷ್ಟೇ. ಕರೆಂಟ್ ಹೋದಾಗ ಮಾತ್ರ ಅದಕ್ಕೆ ಕೆಲಸ. ಮಿಕ್ಕ ಹೊತ್ತು ಸುಮ್ನೆ ನಿಂತಿರುತ್ತದೆ. ಲಕ್ಷಗಟ್ಟಲೆ ದುಡ್ಡು ಸುರಿದ ಯಂತ್ರ. ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ, ಅಂದರೆ ಪೀಕ್ ಹೊತ್ತಿನಲ್ಲಿ ಓಡಿಸಬಹುದಲ್ವಾ? ಓಡಿಸಬಹುದು. ಆದರೆ ದಿನವಿಡೀ ಅಲ್ಲ.

ಬೆಳಿಗ್ಗೆ ಗೀಸರ್, ಮಿಕ್ಸಿ, ನೀರಿನ ಮೋಟಾರ್ ಎಲ್ಲ ಒಟ್ಟಿಗೇ ಶುರುವಾಗುತ್ತವೆ. ಸಂಜೆ ಸೋಲಾರ್ ಕೈಬಿಡುವ ಹೊತ್ತಿಗೇ ಮನೆ ಮನೆಯ ದೀಪ ಹತ್ತುತ್ತದೆ. ತಣ್ಣಗಾದ ಕಲ್ಲಿದ್ದಲಿನ ಘಟಕವನ್ನು ಮತ್ತೆ ಬಿಸಿ ಮಾಡಿ ಎಬ್ಬಿಸಲು ಗಂಟೆಗಟ್ಟಲೆ ಬೇಕು. ಡೀಸೆಲ್ ಎಂಜಿನ್‌ಗೆ ಆ ತಾಪತ್ರಯ ಇಲ್ಲ. ಸುಸ್ಥಿತಿಯಲ್ಲಿದ್ದರೆ ಚಾಲೂ ಮಾಡಿದ ಒಂದು ನಿಮಿಷದೊಳಗೆ, ನಿಮಿಷಕ್ಕೆ 1500 ಸುತ್ತಿನ ವೇಗಕ್ಕೆ ಬಂದು 50 ಹರ್ಟ್ಜ್ ಕರೆಂಟ್ ಕೊಡುತ್ತದೆ.

ಇನ್ನು ದೂರದ ವಿಷಯ. 1902ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ಕಳಿಸಿದರು. ಆ ಕಾಲಕ್ಕೆ ಅದು ದೊಡ್ಡ ಸಾಹಸವೇ. ಆದರೆ ತಂತಿ ಬಿಸಿಯಾಗಿ ಒಂದಿಷ್ಟು ಕರೆಂಟ್ ದಾರಿಯಲ್ಲೇ ಹೋಗುತ್ತದೆ. ಒಂದೇ ತಂತಿಯಲ್ಲಿ ಹರಿವು ಎರಡರಷ್ಟಾದರೆ ಈ ನಷ್ಟ ನಾಲ್ಕರಷ್ಟಾಗುತ್ತದೆ. ಅಂದರೆ ಪೀಕ್ ಹೊತ್ತಿನಲ್ಲೇ ನಷ್ಟ ಜಾಸ್ತಿ. ಬಳಸುವ ಜಾಗದಲ್ಲೇ ತಯಾರಾದ ಒಂದು ಯೂನಿಟ್‌ಗೆ ಆಗ ಬೆಲೆ ಬರುವುದು ಅದಕ್ಕೇ.

ಈಗ ದುಡ್ಡಿನ ಲೆಕ್ಕ. ಒಂದು ಲೀಟರ್ ಡೀಸೆಲ್‌ಗೆ ಹೆಚ್ಚುಕಮ್ಮಿ ಮೂರೂವರೆ ಯೂನಿಟ್ ಸಿಗುತ್ತದೆ. ಲೀಟರ್‌ಗೆ 90 ರೂಪಾಯಿ ಅಂತ ಇಟ್ಟುಕೊಳ್ಳಿ, ಯೂನಿಟ್‌ಗೆ 26 ರೂಪಾಯಿ ಬರೀ ಎಣ್ಣೆಗೇ ಆಯಿತು. ಆಯಿಲ್, ಫಿಲ್ಟರ್, ರಿಪೇರಿ ಬೇರೆ. ಈ ರೇಟಿನಲ್ಲಿ ಇಡೀ ದಿನ ಕಾರ್ಖಾನೆ ನಡೆಸಿದರೆ ಮಾಲೀಕರು ಬೀಗ ಹಾಕಬೇಕಾಗುತ್ತದೆ.

ಹಾಗಾದರೆ ಲಾಭ ಎಲ್ಲಿ? ಹೈ ಟೆನ್ಷನ್ ಗ್ರಾಹಕರ, ಅಂದರೆ ಹೆಚ್ಚು ವೋಲ್ಟೇಜಿನಲ್ಲಿ ಕರೆಂಟ್ ಪಡೆಯುವ ಕಾರ್ಖಾನೆಗಳಂಥವರ ಬಿಲ್ಲಿನಲ್ಲಿ ಯೂನಿಟ್ ಜೊತೆಗೆ ಡಿಮ್ಯಾಂಡ್ ಚಾರ್ಜ್, ಅಂದರೆ ಲೋಡ್ ಎಷ್ಟು ಎತ್ತರಕ್ಕೆ ಏರಿತು ಅನ್ನುವುದರ ಮೇಲಿನ ಶುಲ್ಕ ಕೂಡ ಇರುತ್ತದೆ. ತಿಂಗಳಲ್ಲಿ ಯಾವುದೋ ಕಾಲು ಗಂಟೆ ಲೋಡ್ ಏರಿತು ಅಂದರೆ ಮೀಟರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಒಪ್ಪಂದದ ಮಿತಿ ದಾಟಿದರೆ ದಂಡದ ದರ. ದೊಡ್ಡ ಕಂಪ್ರೆಸರ್, ಫರ್ನೇಸ್ ಎರಡೂ ಕೂಡಿ ಬರುವ ಆ ಸ್ವಲ್ಪ ಹೊತ್ತು ಒಂದು ಭಾಗದ ಲೋಡನ್ನು ಜನರೇಟರ್‌ಗೆ ಬದಲಾಯಿಸಿದರೆ ಸುಟ್ಟ ಡೀಸೆಲ್‌ಗಿಂತ ಉಳಿದ ದುಡ್ಡು ಜಾಸ್ತಿ ಆಗಬಹುದು. ಲೋಡ್ ಏರುವ ಹೊತ್ತು ದಿನಕ್ಕೆ ಆರೇಳು ಗಂಟೆ ಇದ್ದರೆ ಮಾತ್ರ ಈ ಉಪಾಯ ಬೇಡ. ಒಪ್ಪಂದದ ಲೋಡನ್ನೇ ಹೆಚ್ಚಿಸಿಕೊಳ್ಳಿ.

ಮುಂದೆ ಬೇಕಾದೀತು ಅಂತ ಭಾರೀ ಜನರೇಟರ್ ತಂದು ಅರೆಬರೆ ಲೋಡಿನಲ್ಲಿ ಓಡಿಸುವವರೂ ಇದ್ದಾರೆ. ಅಂಥ ಎಂಜಿನ್‌ನ ಸೈಲೆನ್ಸರ್ ಜೋಡಣೆಯ ಹತ್ತಿರ ಬೆರಳಿಟ್ಟು ನೋಡಿ. ಜಿಗುಟಾದ ಕಪ್ಪು ಎಣ್ಣೆ ಅಂಟುತ್ತದೆ. ಸಿಲಿಂಡರ್ ಸಾಕಷ್ಟು ಬಿಸಿಯಾಗದೆ ಡೀಸೆಲ್ ಪೂರ್ತಿ ಉರಿಯದೆ ಹೊರಬಂದದ್ದು ಅದು. ಮೂರನೇ ಒಂದು ಭಾಗಕ್ಕಿಂತ ಕಡಿಮೆ ಲೋಡಿನಲ್ಲಿ ತುಂಬಾ ಹೊತ್ತು ಓಡಿಸಬಾರದು.

ನನ್ನನ್ನು ಕೇಳಿದರೆ, ಮುಂದಿನ ದಾರಿ ಡೀಸೆಲ್ ಅಲ್ಲ. ಯಲಹಂಕದಲ್ಲಿ 1990ರ ದಶಕದಲ್ಲಿ ಸರ್ಕಾರವೇ ಡೀಸೆಲ್ ಎಂಜಿನ್‌ಗಳ ವಿದ್ಯುತ್ ಕೇಂದ್ರ ಕಟ್ಟಿಸಿತ್ತು. ಈಗ ಅಲ್ಲಿರುವುದು 370 ಮೆಗಾವ್ಯಾಟ್‌ನ ಗ್ಯಾಸ್ ಘಟಕ. ಸಗಣಿ ಮತ್ತು ಹಸಿ ಕಸದ ಬಯೋಗ್ಯಾಸ್‌ನಿಂದಲೂ ಗ್ಯಾಸ್ ಎಂಜಿನ್ ಓಡುತ್ತದೆ, ಗಂಧಕದ ಅನಿಲವನ್ನು ಮೊದಲು ಸೋಸಿ ತೆಗೆದರೆ ಆಯಿತು. ಇಂಧನದ ಅರ್ಧಕ್ಕಿಂತ ಜಾಸ್ತಿ ಶಕ್ತಿ ಎಂಜಿನ್‌ನಿಂದ ಬಿಸಿಯಾಗಿ ಹೊರಹೋಗುತ್ತದೆ. ಹಾಲಿನ ಡೇರಿ, ಹೋಟೆಲ್, ಹಾಸ್ಟೆಲ್‌ಗಳಿಗೆ ಬಿಸಿನೀರು ದಿನಾ ಬೇಕು. ಆ ಬಿಸಿಯನ್ನು ಹಿಡಿದಿಟ್ಟರೆ ಲೆಕ್ಕವೇ ಬದಲಾಗುತ್ತದೆ.

ಕೊನೆಗೆ, ಹಳ್ಳಿಯ ಮಿಲ್ಲುಗಳವರಿಗೆ ಒಂದು ಮಾತು. ಚೇಂಜ್‌ಓವರ್ ಸ್ವಿಚ್, ಅಂದರೆ ಲೈನ್ ಇಲ್ಲವೇ ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಜೋಡಿಸುವ ಸ್ವಿಚ್ ಇಲ್ಲದೆ ಜನರೇಟರ್ ವೈರನ್ನು ಬೋರ್ಡಿಗೆ ನೇರ ಸಿಕ್ಕಿಸಬೇಡಿ. ನಿಮ್ಮ ಕರೆಂಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್‌ನಲ್ಲಿ 11,000 ವೋಲ್ಟ್ ಆಗುತ್ತದೆ. ಲೈನ್ ಆಫ್ ಆಗಿದೆ ಅಂದುಕೊಂಡು ಲೈನ್‌ಮ್ಯಾನ್ ಆ ಕಂಬದ ಮೇಲೇ ಇರಬಹುದು. ದೊಡ್ಡ ಯಂತ್ರ ಕೂರಿಸುವವರು ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ ಪಡೆದೇ ಚಾಲೂ ಮಾಡಿ.

ನಮಸ್ಕಾರ.