ಗೇಮ್ ಚಟ: ಗಂಟೆ ಲೆಕ್ಕ ಬಿಡಿ, ಇದನ್ನು ನೋಡಿ

ನಮಸ್ಕಾರ. ಮಕ್ಕಳು ಮೊಬೈಲ್ ಹಿಡಿದು ಗೇಮ್ ಆಡುತ್ತಾ ಕೂತರೆ "ಇವನಿಗೆ ಅದರ ಹುಚ್ಚು ಹಿಡಿದಿದೆ" ಅಂತ ಬೈಯುತ್ತೇವೆ, ಅಲ್ವಾ? ಆ ಹುಚ್ಚು ನಿಜವಾಗಲೂ ಕಾಯಿಲೆ ಆಗಬಹುದಾ? ಆಗಬಹುದು. ಆದರೆ ಆಡುವವರಲ್ಲಿ ಬಹುಪಾಲು ಜನರಿಗೆ ಹಾಗೆ ಆಗುವುದಿಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ನೆನಪಿಟ್ಟುಕೊಂಡೇ ಮುಂದೆ ಹೋಗೋಣ.

[ತೆರೆಯ ಮೇಲೆ: ವಿಶ್ವ ಆರೋಗ್ಯ ಸಂಸ್ಥೆ, 2019]

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಕಾಯಿಲೆಗಳ ಪಟ್ಟಿಗೆ 'ಗೇಮಿಂಗ್ ಡಿಸಾರ್ಡರ್' ಅನ್ನು ಸೇರಿಸಿತು. 2022ರ ಜನವರಿ 1ರಿಂದ ಆ ಪಟ್ಟಿ ಜಾರಿಯಲ್ಲಿದೆ. ದಿನಕ್ಕೆ ಎಷ್ಟು ಗಂಟೆ ಆಡಿದರೆ ಕಾಯಿಲೆ ಅಂತ ಅದರಲ್ಲಿ ಎಲ್ಲೂ ಹೇಳಿಲ್ಲ. ಕೇಳುವುದೇ ಬೇರೆ. ನಿಲ್ಲಿಸಬೇಕು ಅಂದುಕೊಂಡರೂ ನಿಲ್ಲಿಸಲು ಆಗುತ್ತಿಲ್ಲವಾ? ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಗೇಮ್ ಮುಂದಾಗಿದೆಯಾ? ಕಣ್ಣೆದುರೇ ನಷ್ಟ ಆಗುತ್ತಿದ್ದರೂ ಆಟ ಮುಂದುವರಿಯುತ್ತಿದೆಯಾ? ಇದು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೇ ನಡೆದು, ಬದುಕೇ ಹಳಿ ತಪ್ಪಿದ್ದರೆ ಆಗ ಅದು ಕಾಯಿಲೆ. ಪರೀಕ್ಷೆ ಮುಗಿದ ಖುಷಿಗೆ ರಜೆಯಲ್ಲಿ ಇಡೀ ದಿನ ಆಡಿದವನು ರೋಗಿ ಅಲ್ಲ. ಎರಡೇ ಗಂಟೆ ಆಡಿದರೂ, ಅದಕ್ಕೋಸ್ಕರ ಸುಳ್ಳು ಹೇಳಿ ಕಾಲೇಜು ತಪ್ಪಿಸುವವನ ಬಗ್ಗೆ ನನಗೆ ಜಾಸ್ತಿ ಚಿಂತೆ.

ಹಾಗಾದರೆ ಬಿಡುವುದು ಯಾಕೆ ಕಷ್ಟ? ಬಿಜಿಎಂಐ, ಅಂದರೆ ಕೊನೆಯವರೆಗೆ ಬದುಕಿ ಉಳಿದವರು ಗೆಲ್ಲುವ ಮೊಬೈಲ್ ಶೂಟಿಂಗ್ ಆಟವನ್ನೇ ತೆಗೆದುಕೊಳ್ಳಿ.

[ದೃಶ್ಯ: ಮ್ಯಾಪ್ ಮೇಲೆ ಚಿಕ್ಕದಾಗುತ್ತಿರುವ ವೃತ್ತ]

ನೂರು ಜನ ಒಂದೇ ಮ್ಯಾಪ್‌ಗೆ ಇಳಿಯುತ್ತಾರೆ. ನಿಮ್ಮ ಸ್ಕ್ವಾಡ್‌ನಲ್ಲಿ, ಅಂದರೆ ತಂಡದಲ್ಲಿ, ನಾಲ್ಕು ಜನ. ಸೇಫ್ ಝೋನ್, ಅಂದರೆ ಆಟದಲ್ಲಿ ಸುರಕ್ಷಿತವಾಗಿ ಇರಬಹುದಾದ ಜಾಗ, ಚಿಕ್ಕದಾಗುತ್ತಾ ಬರುತ್ತದೆ, ಉಳಿದವರ ಸಂಖ್ಯೆ ಇಳಿಯುತ್ತಾ ಹೋಗುತ್ತದೆ, ಎದೆ ಡವಡವ ಅನ್ನುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಅಡುಗೆಮನೆಯಿಂದ "ಊಟಕ್ಕೆ ಬಾರೋ" ಅಂತ ಕೂಗು. ಇದರಲ್ಲಿ ಆಟವನ್ನು ನಡುವೆ ತಡೆದು ನಿಲ್ಲಿಸುವ 'ಪಾಜ್' ಬಟನ್ ಇಲ್ಲ. ನಡುವೆ ಎದ್ದರೆ ಉಳಿದ ಮೂವರಿಗೆ ಕೈಕೊಟ್ಟಂತೆ. "ಅಮ್ಮಾ, ಐದೇ ನಿಮಿಷ" ಅನ್ನುವ ಹುಡುಗ ಯಾವಾಗಲೂ ಸುಮ್ನೆ ನೆಪ ಹೇಳುತ್ತಿರುವುದಿಲ್ಲ. ಇದು ಅಪ್ಪ ಅಮ್ಮಂದಿರಿಗೆ ಗೊತ್ತಿರಲೇಬೇಕು.

ಮ್ಯಾಚ್ ಮುಗಿದ ಮೇಲೂ ಸೆಳೆತ ಮುಗಿಯುವುದಿಲ್ಲ. ದಿನಾ ಲಾಗಿನ್ ಆದರೆ ಬಹುಮಾನ. ರೂಪಾಯಿ ಕೊಟ್ಟು ಯುಸಿ, ಅಂದರೆ ಆಟದೊಳಗಿನ ದುಡ್ಡು, ಕೊಂಡು, ಆ ಯುಸಿಯಿಂದ ಕ್ರೇಟ್ ಅನ್ನುವ ಪೆಟ್ಟಿಗೆ ತೆರೆಯಬಹುದು. ಒಳಗೆ ಏನು ಸಿಗುತ್ತದೋ ಗೊತ್ತಿಲ್ಲ. ಹತ್ತು ಸಲ ಸಾಧಾರಣ ಬಟ್ಟೆ ಬಂದರೂ, ಹನ್ನೊಂದನೇ ಸಲ ಆ ಗನ್ ಸ್ಕಿನ್, ಅಂದರೆ ಬಂದೂಕಿನ ಹೊಸ ಅಲಂಕಾರ, ಬರಬಹುದು ಅನ್ನುವ ಆಸೆ. ಬಹುಮಾನ ಯಾವಾಗ ಬರುತ್ತದೆ ಅಂತ ಗೊತ್ತಿಲ್ಲದಿದ್ದಾಗಲೇ ಪ್ರಾಣಿಗಳು ಬಿಡದೆ ಗುಂಡಿ ಒತ್ತುತ್ತಲೇ ಇರುತ್ತವೆ ಅಂತ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಯೋಗಗಳಲ್ಲಿ ತೋರಿಸಿದ್ದರು. ಜೂಜಿನ ಯಂತ್ರ ನಡೆಯುವುದೂ ಇದೇ ಲೆಕ್ಕದ ಮೇಲೆ. ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳು ಜೂಜೇ ಅಂತ ಬೆಲ್ಜಿಯಂ 2018ರಲ್ಲೇ ಹೇಳಿತು. ನನ್ನ ಅಭಿಪ್ರಾಯವೂ ಅದೇ. ಆಟವನ್ನು ಇಷ್ಟಪಡುವ ಮಗುವಿಗೆ ಜೂಜಿನ ರುಚಿ ಹತ್ತಿಸುವುದು ತಪ್ಪು.

ಗೇಮ್ ಅಂದರೆ ಬರೀ ಹಾನಿ ಅಂತಲ್ಲ. ಆ್ಯಕ್ಷನ್ ಗೇಮ್ ಆಡುವವರ ಕಣ್ಣಿನ ಗಮನ ಚುರುಕಾಗುತ್ತದೆ ಅಂತ 2003ರಲ್ಲೇ ಸಂಶೋಧನೆ ಬಂದಿದೆ. ಗಮನ ನಿಲ್ಲದ ಮಕ್ಕಳ ಚಿಕಿತ್ಸೆಗೆ ಅಮೆರಿಕ 2020ರಲ್ಲಿ ಒಂದು ವಿಡಿಯೋ ಗೇಮ್‌ಗೇ ಅನುಮತಿ ಕೊಟ್ಟಿತು.

ಹಾಗಾದರೆ ಸರ್ಕಾರ ಬೀಗ ಹಾಕಿದರೆ ಸರಿಹೋಗುತ್ತಾ? ದಕ್ಷಿಣ ಕೊರಿಯಾ 2011ರಲ್ಲಿ, 16 ವರ್ಷದೊಳಗಿನ ಮಕ್ಕಳು ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ ಅಂತ ಕಾನೂನು ತಂದಿತ್ತು. ಹತ್ತು ವರ್ಷ ನೋಡಿ, ಅದನ್ನು ಕೈಬಿಟ್ಟಿತು. ನಮ್ಮಲ್ಲಿ 2020ರಲ್ಲಿ ಪಬ್‌ಜಿ ಬ್ಯಾನ್ ಆಯಿತು. ಮರುವರ್ಷವೇ ಅದೇ ಆಟ ಭಾರತದ ಆವೃತ್ತಿಯಾಗಿ, ಬಿಜಿಎಂಐ ಅನ್ನುವ ಹೆಸರಲ್ಲಿ ಬಂತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಮನೆಯೊಳಗಿನ ಕೆಲಸವನ್ನು ಯಾವ ಕಾನೂನೂ ಮಾಡಿಕೊಡುವುದಿಲ್ಲ.

[ದೃಶ್ಯ: ನಿರೂಪಕಿ ನೇರವಾಗಿ ಕ್ಯಾಮೆರಾ ನೋಡುತ್ತಾ]

ಮಗುವಿನ ಕೈಯಿಂದ ಫೋನ್ ಕಸಿದುಕೊಳ್ಳಬೇಡಿ. "ಇನ್ನು ಎಷ್ಟು ಮ್ಯಾಚ್?" ಅಂತ ಕೇಳಿ, ಒಂದು ಲೆಕ್ಕಕ್ಕೆ ಒಪ್ಪಿಸಿ. ರಾತ್ರಿ ಫೋನ್ ಹಾಲ್‌ನಲ್ಲಿ ಚಾರ್ಜ್ ಆಗಲಿ, ನಿಮ್ಮದೂ ಅಲ್ಲೇ ಇರಲಿ. ಫೋನಿನಲ್ಲಿ ಕಾರ್ಡ್ ನಂಬರ್ ಸೇವ್ ಮಾಡಿ ಇಡಬೇಡಿ. ಆಟದ ಹಿಂದೆ ಬೇರೆ ನೋವು ಇದೆಯಾ ನೋಡಿ. ಶಾಲೆಯಲ್ಲಿ ಯಾರಾದರೂ ಕಾಡುತ್ತಿರಬಹುದು, ಗೆಳೆಯರೇ ಇಲ್ಲದಿರಬಹುದು, ಮನಸ್ಸು ಕುಗ್ಗಿರಬಹುದು. ಅದು ಹಾಗೇ ಉಳಿದರೆ, ಈ ಗೇಮ್ ಬಿಟ್ಟರೂ ಮಗು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಕೈಮೀರಿದೆ ಅನಿಸಿದರೆ ಸಹಾಯ ಕೇಳಲು ನಾಚಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ 'ಶಟ್' ಕ್ಲಿನಿಕ್ ಇದೆ, 2014ರಿಂದ ನಡೆಯುತ್ತಿದೆ. ಅಲ್ಲಿಗೆ ಹೋಗಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.