ಹಾರ್ಟ್ ಮಾತ್ರೆ ತಂದ ಒಣ ಕೆಮ್ಮು

ಇದು ಅಪ್ಪನ ಮಾತ್ರೆ ಡಬ್ಬಿ. ರಾಮಿಪ್ರಿಲ್, ಮೆಟೊಪ್ರೊಲಾಲ್, ಅಟೋರ್ವಾಸ್ಟಾಟಿನ್, ಆಸ್ಪಿರಿನ್. ಹಾರ್ಟ್ ಅಟ್ಯಾಕ್ ಆದವರಿರುವ ಎಷ್ಟೋ ಮನೆಗಳಲ್ಲಿ ಹೆಚ್ಚುಕಮ್ಮಿ ಇದೇ ಪಟ್ಟಿ, ಅಲ್ವಾ?

ಮಾತ್ರೆ ಶುರುವಾದ ಮೇಲೆ ಅಪ್ಪನಿಗೆ ಕೆಮ್ಮು ಹಿಡಿಯಿತು. ಕಫ ಇಲ್ಲ, ಜ್ವರ ಇಲ್ಲ, ಬರೀ ಗಂಟಲ ಕೆರೆತ. ರಾತ್ರಿಯಂತೂ ಜಾಸ್ತಿ. ಕಷಾಯ, ಜೇನು, ಸಿರಪ್ಪು, ಯಾವುದಕ್ಕೂ ಜಗ್ಗಲಿಲ್ಲ. ಡಾಕ್ಟರು ಚೀಟಿ ನೋಡಿದವರೇ ರಾಮಿಪ್ರಿಲ್ ಮೇಲೆ ಬೆರಳಿಟ್ಟರು.

ರಾಮಿಪ್ರಿಲ್ ಎಸಿಇ ಎಂಬ ಕಿಣ್ವವನ್ನು ತಡೆಯುತ್ತದೆ. ರಕ್ತನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಆದರೆ ಬ್ರಾಡಿಕೈನಿನ್ ಅನ್ನೋ ದೇಹದ ರಾಸಾಯನಿಕವನ್ನ ಒಡೆಯುವುದೂ ಇದೇ ಕಿಣ್ವ. ಅದು ಒಡೆಯದೆ ಉಳಿದರೆ ಕೆಲವರ ಶ್ವಾಸನಾಳ ಕೆರಳುತ್ತದೆ. ಮಜಾ ಏನು ಗೊತ್ತಾ? 1940ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನಲ್ಲಿ ಬ್ರಾಡಿಕೈನಿನ್ ಪತ್ತೆಯಾಗಿದ್ದು ಜರರಾಕ ಎಂಬ ಹಾವಿನ ವಿಷದ ಪ್ರಯೋಗದಲ್ಲಿ. ಈ ಗುಂಪಿನ ಹಳೆಯ ಮಾತ್ರೆ ಕ್ಯಾಪ್ಟೊಪ್ರಿಲ್‌ಗೆ ದಾರಿ ತೋರಿಸಿದ್ದೂ ಅದೇ ಹಾವಿನ ವಿಷ!

ಅಪ್ಪನಿಗೆ ರಾಮಿಪ್ರಿಲ್ ಬದಲು ಟೆಲ್ಮಿಸಾರ್ಟಾನ್ ಎಂಬ ಬೇರೆ ಬಿಪಿ ಮಾತ್ರೆ ಕೊಟ್ಟರು. ಅದು ಆ ಕಿಣ್ವದ ತಂಟೆಗೆ ಹೋಗುವುದಿಲ್ಲ. ಕೆಮ್ಮು ಕೆಲವು ವಾರಗಳಲ್ಲಿ ನಿಂತಿತು. ಆದರೆ ರಾಮಿಪ್ರಿಲ್ ತಗೊಂಡವರ ತುಟಿ, ನಾಲಿಗೆ ಊದಿಕೊಂಡರೆ ಕಾಯುತ್ತಾ ಕೂರಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಮೆಟೊಪ್ರೊಲಾಲ್‌ನಿಂದ ಸುಸ್ತು, ಕೈಕಾಲು ತಣ್ಣಗಾಗುವುದು, ನಾಡಿ ನಿಧಾನವಾಗುವುದು ಉಂಟು. ಸುಸ್ತು ಅಂತ ನೀವಾಗೇ ಮಾತ್ರೆ ಬಿಟ್ಟುಬಿಡಬೇಡಿ. ದಿಢೀರ್ ನಿಲ್ಲಿಸಿದರೆ ಎದೆನೋವು, ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಆಸ್ಪಿರಿನ್ ತಗೊಳ್ಳುವವರಿಗೆ ಮಲ ಕಪ್ಪಾದರೆ ಹೊಟ್ಟೆಯಲ್ಲಿ ರಕ್ತ ಸೋರುತ್ತಿರಬಹುದು, ತಕ್ಷಣ ತೋರಿಸಿ.

ಅಟೋರ್ವಾಸ್ಟಾಟಿನ್‌ನಂಥ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳ ಕಾಲುನೋವಿನ ಕಥೆ ಬೇರೆ. ತೊಂದರೆ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಲಂಡನ್‌ನ ಸ್ಯಾಮ್ಸನ್ ಅಧ್ಯಯನದಲ್ಲಿ ಕೆಲವು ತಿಂಗಳು ಸ್ಟಾಟಿನ್, ಕೆಲವು ತಿಂಗಳು ಔಷಧವಿಲ್ಲದ ಖಾಲಿ ಮಾತ್ರೆ ಕೊಟ್ಟರು. ಸ್ಟಾಟಿನ್‌ನಲ್ಲಿ ಕಂಡ ತೊಂದರೆಯ ನೂರಕ್ಕೆ ಸುಮಾರು 90 ಭಾಗ ಖಾಲಿ ಮಾತ್ರೆಯಲ್ಲೂ ಕಂಡಿತು! ನೋವು ಸುಳ್ಳಲ್ಲ, ಕಾರಣ ಬೇರೆ ಇರಬಹುದು ಅಷ್ಟೆ. ನೋವು ಜೋರಾಗಿ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಇನ್ನು ಎಳನೀರು. ಅದರಲ್ಲಿ ಪೊಟ್ಯಾಸಿಯಮ್ ಜಾಸ್ತಿ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಎರಡೂ ರಕ್ತದಲ್ಲಿ ಪೊಟ್ಯಾಸಿಯಮ್ ಏರಿಸಬಲ್ಲವು. ಕಿಡ್ನಿ ಸ್ವಲ್ಪ ಸೊರಗಿದವರು ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಿ. ಅಪ್ಪನ ರಿಪೋರ್ಟ್ ಸರಿ ಇದೆ, ಅವರು ವಾರಕ್ಕೊಂದು ಕುಡಿಯುತ್ತಾರೆ.